‘ರಾತ್ರಿ 1 ಗಂಟೆವರೆಗೆ ಬಾರ್ ಓಪನ್’: ಈ ಫಾರ್ವರ್ಡ್ ಯಡೂರಿಗೂ ಅನ್ವಯಿಸುತ್ತದೆಯೇ? ಸಮಯ ಬದಲಾದರೆ ಕುಡಿತ ಬದಲಾಗುತ್ತದೆಯೇ?

“ಇನ್ಮುಂದೆ ರಾಜ್ಯದ ಎಲ್ಲಾ ಬಾರ್‌ಗಳು ರಾತ್ರಿ 1 ಗಂಟೆವರೆಗೆ ಓಪನ್” ಎಂಬ ಥರದ ಸಂದೇಶ ನಿಮ್ಮ ಊರಿನ ವಾಟ್ಸಾಪ್ ಗ್ರೂಪಿಗೂ ಬಂದಿರಬಹುದು. ಬಂದ ಕೂಡಲೇ ಗ್ರೂಪಿನಲ್ಲಿ ಎರಡು ಬಣ ಆಗುತ್ತವೆ. ಒಬ್ಬರು “ಚಲೋ ಆತು ಬಿಡ್ರಿ” ಅಂತಾರೆ, ಇನ್ನೊಬ್ಬರು “ಇನ್ನ ಮನಿ ಮಠ ಎಲ್ಲಾ ಹಾಳಾಗ್ತಾವ” ಅಂತಾರೆ. ಆದೇಶ ತಮ್ಮ ಊರಿಗೆ ಬಂದಿದೆಯಾ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಬಂದಿಲ್ಲ. 2024ರ ಫೆಬ್ರುವರಿಯ ಬಜೆಟ್‌ನಲ್ಲಿ ಬೆಂಗಳೂರು ಮತ್ತು ಇತರ 10 ಮಹಾನಗರ ಪಾಲಿಕೆಗಳಲ್ಲಿ ವ್ಯಾಪಾರದ ಸಮಯವನ್ನು ರಾತ್ರಿ 1ರವರೆಗೆ ವಿಸ್ತರಿಸುವ ಮಾತು ಬಂತು. ಅದೇ ವರ್ಷ ಜುಲೈ ಕೊನೆಗೆ ಹೊರಬಿದ್ದ ಆದೇಶ ಬಿಬಿಎಂಪಿ ವ್ಯಾಪ್ತಿಯದ್ದು. ಫಾರ್ವರ್ಡ್‌ನಲ್ಲಿ ‘ಬೆಂಗಳೂರು’ ಎಂಬ ಪದ ಉದುರಿಹೋಗಿ ‘ರಾಜ್ಯ’ ಬಂದು ಕೂತಿದೆ. ಪಂಚಾಯಿತಿ ವ್ಯಾಪ್ತಿಯ ಊರುಗಳಲ್ಲಿ ಸಾಮಾನ್ಯ ನಿಯಮವೇ ನಡೆಯುತ್ತದೆ. ಬಾಟಲಿ ಕೊಂಡು ಹೋಗುವ ವೈನ್ ಶಾಪ್, ಅಂದರೆ ಸಿಎಲ್-2, ಬೆಳಿಗ್ಗೆ 10ರಿಂದ ರಾತ್ರಿ 10.30ರವರೆಗೆ. ಕೂತು ಕುಡಿಯುವ ಬಾರ್ ಆ್ಯಂಡ್ ರೆಸ್ಟೋರೆಂಟ್, ಅಂದರೆ ಸಿಎಲ್-9, ಬೆಳಿಗ್ಗೆ 10ರಿಂದ ರಾತ್ರಿ 11.30ರವರೆಗೆ.

ಫಾರ್ವರ್ಡ್‌ನ ಕತೆ ಇಷ್ಟಕ್ಕೇ ಮುಗಿಯಿತು. ಆದರೆ ಆ ಎರಡು ಬಣಗಳ ಜಗಳ ಮುಗಿಯುವಂಥದ್ದಲ್ಲ. ಅಂಗಡಿ ತೆರೆದಿರುವ ಸಮಯಕ್ಕೂ ಜನ ಕುಡಿಯುವ ರೀತಿಗೂ ನಿಜಕ್ಕೂ ಸಂಬಂಧ ಇದೆಯಾ? ಇದನ್ನು ನೋಡಲು ನಾವು ಚಿಕ್ಕೋಡಿ ತಾಲ್ಲೂಕಿನ ಯಡೂರನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇವೆ. ಕೃಷ್ಣಾ ತೀರದಲ್ಲಿ ವೀರಭದ್ರ ದೇವರ ಗುಡಿ ಇರುವ ಊರು. ಮಹಾರಾಷ್ಟ್ರ ಕೆಲವೇ ಕಿಲೋಮೀಟರ್ ದೂರ. ಕಳೆದ ಮುಕ್ಕಾಲು ಶತಮಾನದಲ್ಲಿ ಮದ್ಯದ ಕಾನೂನು ಈ ಭಾಗದಲ್ಲಿ ಬದಲಾದಷ್ಟು ಸಲ ಬೇರೆ ಕಡೆ ಬದಲಾಗಿರುವುದು ಅಪರೂಪ.

ಪರ್ಮಿಟ್ ಇದ್ದವರಿಗೆ ಮಾತ್ರ

ಬೆಳಗಾವಿ ಜಿಲ್ಲೆ 1956ರ ನವೆಂಬರ್ 1ರವರೆಗೆ ಮುಂಬೈ ರಾಜ್ಯದಲ್ಲಿತ್ತು. ಅಲ್ಲಿ 1949ರ ಪಾನನಿರೋಧ ಕಾಯ್ದೆ ಬಂದು, 1950ರ ಏಪ್ರಿಲ್‌ನಿಂದ ಸಂಪೂರ್ಣ ಪಾನನಿರೋಧ ಜಾರಿಯಾಯಿತು. ಆಗ ಅಂಗಡಿ ಎಷ್ಟು ಗಂಟೆಗೆ ತೆರೆಯುತ್ತದೆ ಎಂಬ ಪ್ರಶ್ನೆಯೇ ಇರಲಿಲ್ಲ. ಕುಡಿಯಲು ಸರ್ಕಾರದ ಪರ್ಮಿಟ್ ಬೇಕಿತ್ತು, ಅದೂ ಬಹುತೇಕ ಆರೋಗ್ಯದ ಕಾರಣಕ್ಕೆ. ಗಡಿ ದಾಟಿದರೆ ಇವತ್ತಿಗೂ ಬಾರ್‌ಗಳ ಮೇಲೆ ‘ಪರ್ಮಿಟ್ ರೂಮ್’ ಎಂಬ ಬೋರ್ಡು ಕಾಣುವುದು ಇದರಿಂದಲೇ. ಕಾಯ್ದೆ ಸಡಿಲವಾಯಿತು, ಹೆಸರು ಉಳಿಯಿತು.

ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ಕೆಲವು ವರ್ಷ ಪಾನನಿರೋಧ ಮುಂದುವರಿಯಿತು. ಅದು ತೆರವಾಗಿ ಈಗಿನ ಅಬಕಾರಿ ಕಾಯ್ದೆಯ ಲೈಸೆನ್ಸ್ ವ್ಯವಸ್ಥೆ ಬಂದದ್ದು 1967ರಲ್ಲಿ. ಹಾಗಾಗಿ “ಹಿಂದಿನ ಕಾಲದಾಗ ಯಾರೂ ಕುಡೀತಿರಲಿಲ್ಲ” ಎಂದು ಹಿರಿಯರು ಹೇಳಿದರೆ ಅದರಲ್ಲಿ ಅರ್ಧ ನೆನಪು, ಅರ್ಧ ಕಾನೂನು ಇದೆ. ಬಹಿರಂಗವಾಗಿ ಕುಡಿಯುವ ಹಾಗಿರಲಿಲ್ಲ. ಕಳ್ಳಭಟ್ಟಿ ಎಂಬ ಪದ ನಮ್ಮ ಭಾಷೆಯಲ್ಲಿ ಸುಮ್ಮನೆ ಹುಟ್ಟಿದ್ದಲ್ಲ.

ಅಲ್ಲಿಂದ 2007ರವರೆಗೆ ಹಳ್ಳಿಗಳಲ್ಲಿ ಸಾರಾಯಿಯದೇ ಕಾಲ. ಗುತ್ತಿಗೆದಾರರ ಅಂಗಡಿ, ಪ್ಲಾಸ್ಟಿಕ್ ಪ್ಯಾಕೆಟ್. 2007ರ ಜುಲೈ 1ರಂದು ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. “ಸಾರಾಯಿ ಬಂದ್ ಆದಮೇಲೆ ಬಡವರ ಕುಡಿತ ನಿಂತಿತು” ಎಂಬ ಮಾತನ್ನು ಈಗಲೂ ಕೇಳುತ್ತೇವೆ. ಆದದ್ದೇ ಬೇರೆ. ಕುಡಿಯುವವರಲ್ಲಿ ಬಹಳ ಜನ ಅಗ್ಗದ ವಿಸ್ಕಿ, ರಮ್ಮಿಗೆ ದಾಟಿದರು. ಸಾರಾಯಿ ಪ್ಯಾಕೆಟ್ ಇದ್ದ ಜಾಗಕ್ಕೆ 90 ಮಿ.ಲೀ. ಟೆಟ್ರಾ ಪ್ಯಾಕ್ ಬಂತು. ನಿಷೇಧವಾಗಿ ಒಂದು ವರ್ಷ ತುಂಬುವ ಮೊದಲೇ, 2008ರ ಮೇ ತಿಂಗಳಲ್ಲಿ, ಬೆಂಗಳೂರು, ಕೋಲಾರ ಮತ್ತು ತಮಿಳುನಾಡಿನ ಗಡಿಯಲ್ಲಿ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಇತ್ತ ಯಡೂರಿನ ಪಕ್ಕದ ಮಹಾರಾಷ್ಟ್ರದಲ್ಲಿ ‘ದೇಶಿ ದಾರೂ’ ಇವತ್ತಿಗೂ ಲೈಸೆನ್ಸ್ ಪಡೆದು ಮಾರುವ ಸರಕು. ಒಂದೇ ಕೃಷ್ಣೆಯ ಬಯಲಿನಲ್ಲಿ ಈ ಕಡೆ ಒಂದು ಕಾನೂನು, ಆ ಕಡೆ ಇನ್ನೊಂದು.

ವಯಸ್ಸಿನ ವಿಷಯವೂ ಹಾಗೆಯೇ. ನಮ್ಮ ಅಬಕಾರಿ ಕಾಯ್ದೆ 18 ಎನ್ನುತ್ತದೆ, ಅದರ ಕೆಳಗಿನ 1967ರ ನಿಯಮ 21 ಎನ್ನುತ್ತದೆ. 2023ರ ಜನವರಿಯಲ್ಲಿ ನಿಯಮವನ್ನೂ 18ಕ್ಕೆ ಇಳಿಸುವ ಕರಡು ಬಂತು, ವಿರೋಧ ಬಂದು ಸರ್ಕಾರ ಕೈಬಿಟ್ಟಿತು. ಮಹಾರಾಷ್ಟ್ರದಲ್ಲಿ ವಿಸ್ಕಿ, ರಮ್ಮಿಗೆ 25 ತುಂಬಿರಬೇಕು.

ಸಮಯ ಕಡಿಮೆ ಮಾಡಿದರೆ?

ಒಂದು ತಾಸು ಮಾತ್ರ ಬಾರ್ ತೆರೆದಿದ್ದರೆ ಜನ ಒಂದೇ ತಾಸಿನ ಕುಡಿತ ಕುಡಿಯುತ್ತಾರೆ ಎಂದು ನಮಗನ್ನಿಸುತ್ತದೆ. ಆಸ್ಟ್ರೇಲಿಯಾದವರಿಗೂ ಹಾಗೇ ಅನ್ನಿಸಿತ್ತು. ಮೊದಲ ಮಹಾಯುದ್ಧದ ಹೊತ್ತಿನಲ್ಲಿ, 1916ರಲ್ಲಿ, ಅಲ್ಲಿನ ಹಲವು ರಾಜ್ಯಗಳಲ್ಲಿ ಸಂಜೆ 6ಕ್ಕೆ ಪಬ್ ಮುಚ್ಚುವ ಕಾನೂನು ಬಂತು. ಕೆಲಸ ಬಿಡುವುದು 5ಕ್ಕೆ. ಒಂದೇ ತಾಸಿನಲ್ಲಿ ಗಟಗಟ ಎಂದು ಎಷ್ಟು ಸಾಧ್ಯವೋ ಅಷ್ಟು ಸುರಿದುಕೊಳ್ಳುವುದೇ ರೂಢಿಯಾಯಿತು. ಹೆಚ್ಚು ಜನ ನಿಲ್ಲಲಿ ಎಂದು ಪಬ್‌ನವರು ಕುರ್ಚಿ, ಮೇಜು ಎತ್ತಿಸಿದರು, ತೊಳೆಯಲು ಸುಲಭ ಎಂದು ಗೋಡೆಗೆ ಟೈಲ್ಸ್ ಹಾಕಿಸಿದರು. ಕೊನೆಯ ರಾಜ್ಯ ಈ ಕಾನೂನು ಕೈಬಿಟ್ಟದ್ದು 1967ರಲ್ಲಿ, ನಮ್ಮಲ್ಲಿ ಪಾನನಿರೋಧ ತೆರವಾದ ವರ್ಷವೇ.

ನಮ್ಮಲ್ಲೂ ಇದರ ಸಣ್ಣ ಪ್ರಯೋಗ ನಡೆದಿದೆ. 2021ರ ಕೋವಿಡ್ ಎರಡನೇ ಅಲೆಯಲ್ಲಿ ಮದ್ಯದ ಪಾರ್ಸೆಲ್‌ಗೆ ಸಿಕ್ಕ ಸಮಯ ಬೆಳಿಗ್ಗೆ 6ರಿಂದ 10. ಹಾಲು, ತರಕಾರಿಯ ಸಮಯವೂ ಅದೇ. ಸಂಜೆಯ ವ್ಯಾಪಾರ ಬೆಳಿಗ್ಗೆಗೆ ಬಂತು, ಬಾಟಲಿ ಮನೆಗೆ ಬಂತು. ಮನೆಯಲ್ಲಿದ್ದ ಹೆಂಗಸರು, ಮಕ್ಕಳ ಪಾಲಿಗೆ ಇದು ಸಣ್ಣ ವ್ಯತ್ಯಾಸವಲ್ಲ. ಅದಕ್ಕೂ ಮುಂಚೆ, 2020ರಲ್ಲಿ 40 ದಿನ ಮುಚ್ಚಿದ್ದ ಅಂಗಡಿಗಳು ಮೇ 4ರಂದು ತೆರೆದಾಗ ರಾಜ್ಯದಲ್ಲಿ ಮೊದಲ ದಿನ ಸುಮಾರು 45 ಕೋಟಿ ರೂಪಾಯಿ, ಮರುದಿನ ಸುಮಾರು 197 ಕೋಟಿ ರೂಪಾಯಿ ಮಾರಾಟವಾಯಿತು ಎಂದು ವರದಿಯಾಗಿತ್ತು.

ಹಾಗಾದರೆ ರಾತ್ರಿ ಒಂದರವರೆಗೆ ತೆರೆದಿಟ್ಟರೆ ಒಳ್ಳೆಯದಾ? ಅದೂ ಅಲ್ಲ. ನಾರ್ವೆಯ 18 ನಗರಗಳ ಅಧ್ಯಯನದಲ್ಲಿ, ಬಾರ್ ಮುಚ್ಚುವ ಸಮಯ ಒಂದು ಗಂಟೆ ಮುಂದಕ್ಕೆ ಹೋದರೆ ವಾರಾಂತ್ಯದ ರಾತ್ರಿ ಹೊಡೆದಾಟ ಸುಮಾರು ಶೇ 16ರಷ್ಟು ಹೆಚ್ಚುತ್ತದೆ, ಹಿಂದಕ್ಕೆ ಬಂದರೆ ಅಷ್ಟೇ ಇಳಿಯುತ್ತದೆ ಎಂದು ಕಂಡುಬಂತು. ಬ್ರೆಜಿಲ್‌ನ ದಿಯಾದೆಮಾ ನಗರದಲ್ಲಿ ಹಗಲು ರಾತ್ರಿ ತೆರೆದಿರುತ್ತಿದ್ದ ಬಾರ್‌ಗಳನ್ನು 2002ರಿಂದ ರಾತ್ರಿ 11ಕ್ಕೆ ಮುಚ್ಚಿಸಿದರು, ಕೊಲೆಗಳು ಗಣನೀಯವಾಗಿ ಇಳಿದವು. ಆ ಹೊತ್ತಿನಲ್ಲಿ ಅಲ್ಲಿ ಬೇರೆ ಪೊಲೀಸ್ ಕ್ರಮಗಳೂ ಇದ್ದವು, ಹಾಗಾಗಿ ಎಲ್ಲ ಶ್ರೇಯ ಗಡಿಯಾರಕ್ಕೇ ಕೊಡಲಾಗದು.

ನಮ್ಮ ಲೆಕ್ಕಕ್ಕೆ ಹೇಳುವುದಾದರೆ, ರಾತ್ರಿ ತೀರಾ ತಡವಾದರೆ ಗಲಾಟೆ ಹೆಚ್ಚು, ತೀರಾ ಕಡಿಮೆ ಸಮಯ ಕೊಟ್ಟರೆ ಅವಸರದ ಕುಡಿತ ಹೆಚ್ಚು. ಆದರೆ ಎರಡಕ್ಕೂ ಒಂದು ಷರತ್ತು ಇದೆ. ಮದ್ಯ ಲೈಸೆನ್ಸ್ ಇದ್ದ ಅಂಗಡಿಯಲ್ಲಿ ಮಾತ್ರ ಸಿಗಬೇಕು. ಹಳ್ಳಿಯ ಹೆಂಗಸರನ್ನು ಕೇಳಿದರೆ ಅವರ ಮೊದಲ ದೂರು ಬಾರ್ ಮೇಲಲ್ಲ, ಬೆಳಿಗ್ಗೆ 6ಕ್ಕೇ ಪ್ಯಾಕೆಟ್ ಕೊಡುವ ಕಿರಾಣಿ ಅಂಗಡಿ, ಪಾನ್ ಅಂಗಡಿ ಮೇಲೆ. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರ್ ನಡೆದು ಬಂದ ಮಹಿಳೆಯರ ಬೇಡಿಕೆಯಲ್ಲೂ ಈ ಅಕ್ರಮ ಮಾರಾಟದ ಮಾತಿತ್ತು. ಕಿರಾಣಿ ಅಂಗಡಿಗೆ ಸಿಎಲ್-2 ಗೊತ್ತಿಲ್ಲ, 10.30 ಗೊತ್ತಿಲ್ಲ. ಇನ್ನೊಂದು ಕಡೆ, 2025-26ರ ಬಜೆಟ್‌ನಲ್ಲಿ ಅಬಕಾರಿ ಇಲಾಖೆಗೆ ಕೊಟ್ಟ ಗುರಿ 40,000 ಕೋಟಿ ರೂಪಾಯಿ. ಸಮಯದ ಚರ್ಚೆ ಮಾಡುವಾಗ ಈ ಅಂಕಿಯನ್ನೂ ಪಕ್ಕದಲ್ಲಿಟ್ಟುಕೊಳ್ಳಬೇಕು.

ರಾತ್ರಿ ಕುಡಿದದ್ದು ಬೆಳಿಗ್ಗೆಗೆ ಇಳಿದಿರುತ್ತಾ?

ನಮಗೆ ಇದೇ ಮುಖ್ಯ ಪ್ರಶ್ನೆ. ಚಿಕ್ಕೋಡಿ, ಅಥಣಿ, ರಾಯಬಾಗ ಭಾಗದಲ್ಲಿ ಕಬ್ಬಿನ ಹಂಗಾಮು ಶುರುವಾದರೆ ನಸುಕಿನಿಂದಲೇ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳು ಕಾರ್ಖಾನೆ ಕಡೆ ಹೊರಡುತ್ತವೆ. ಅದೇ ರಸ್ತೆಯಲ್ಲಿ ಶಾಲೆ ಮಕ್ಕಳು, ಹಾಲಿನವರು.

ಲೆಕ್ಕ ಸರಳ. ನಮ್ಮಲ್ಲಿ ಮಾರುವ ವಿಸ್ಕಿ, ರಮ್‌ನಲ್ಲಿ ಸಾಮಾನ್ಯವಾಗಿ ಶೇ 42.8ರಷ್ಟು ಆಲ್ಕೋಹಾಲ್ ಇರುತ್ತದೆ. ಒಂದು ನೈಂಟಿಯಲ್ಲಿ ಸುಮಾರು 30 ಗ್ರಾಂ, ಒಂದು ಕ್ವಾರ್ಟರ್‌ನಲ್ಲಿ ಸುಮಾರು 60 ಗ್ರಾಂ. 60 ಕೆ.ಜಿ. ತೂಕದ ಗಂಡಸಿನ ಲಿವರ್ ಗಂಟೆಗೆ ಕರಗಿಸುವುದು ಹೆಚ್ಚುಕಡಿಮೆ 6 ಗ್ರಾಂ. ಹಾಗಾದರೆ ಕ್ವಾರ್ಟರ್ ಪೂರ್ತಿ ಇಳಿಯಲು ಸುಮಾರು 10 ತಾಸು. ರಾತ್ರಿ 11ಕ್ಕೆ ಕುಡಿದವನು ಬೆಳಿಗ್ಗೆ 6ಕ್ಕೆ ಎದ್ದು ಮುಖ ತೊಳೆದು ಸ್ಟಿಯರಿಂಗ್ ಹಿಡಿದರೂ, ರಕ್ತದಲ್ಲಿ ಆಲ್ಕೋಹಾಲ್ ಕಾನೂನಿನ ಮಿತಿಗಿಂತ ಮೇಲೇ ಇರಬಹುದು. ಆ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ. ಸಿಕ್ಕಿಬಿದ್ದರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು, ಅಥವಾ ಎರಡೂ. ವ್ಯಕ್ತಿಯಿಂದ ವ್ಯಕ್ತಿಗೆ ಲೆಕ್ಕ ಸ್ವಲ್ಪ ಹೆಚ್ಚುಕಡಿಮೆ ಆಗುತ್ತದೆ. ತೂಕ ಕಡಿಮೆ ಇದ್ದವರಿಗೆ, ಹೆಂಗಸರಿಗೆ ಇನ್ನೂ ಹೆಚ್ಚು ಹೊತ್ತು ಬೇಕು.

ಲಿಂಬೆಹಣ್ಣಿನ ರಸ, ಮಜ್ಜಿಗೆ, ಖಡಕ್ ಚಹಾ, ತಣ್ಣೀರ ಸ್ನಾನ, ವಾಂತಿ ಮಾಡಿಸುವುದು: ಇವುಗಳಲ್ಲಿ ಯಾವುದೂ ಲಿವರ್‌ನ ವೇಗ ಹೆಚ್ಚಿಸುವುದಿಲ್ಲ. ಚಹಾ ಕುಡಿದರೆ ನಿದ್ದೆ ಹೋಗಬಹುದು, ನಿಶೆ ಹೋಗುವುದಿಲ್ಲ. ಅರೆಪ್ರಜ್ಞೆಯಲ್ಲಿರುವವರಿಗೆ ವಾಂತಿ ಮಾಡಿಸಲು ಹೋಗುವುದಂತೂ ಅಪಾಯ, ಶ್ವಾಸನಾಳಕ್ಕೆ ಸಿಕ್ಕಿಹಾಕಿಕೊಳ್ಳುತ್ತದೆ. ಅಂಥವರನ್ನು ಮಗ್ಗುಲಾಗಿ ಮಲಗಿಸಿ, ಎಚ್ಚರ ಬರದಿದ್ದರೆ 108ಕ್ಕೆ ಕರೆ ಮಾಡಿ.

“ಅಂಗಡಿ ಬಂದ್ ಮಾಡಿದ್ರ ತಾವಾಗೇ ಬಿಡ್ತಾರ”

ಆಗೊಮ್ಮೆ ಈಗೊಮ್ಮೆ ಕುಡಿಯುವವರ ವಿಷಯದಲ್ಲಿ ಇದು ಸ್ವಲ್ಪ ನಿಜ. ಸುಲಭಕ್ಕೆ ಸಿಗದಿದ್ದರೆ ಕಡಿಮೆಯಾಗುತ್ತದೆ. ಆದರೆ ವರ್ಷಗಟ್ಟಲೆ ದಿನವೂ ಕುಡಿದವರ ಮಿದುಳು ಆಲ್ಕೋಹಾಲ್ ಇರುವುದಕ್ಕೇ ಹೊಂದಿಕೊಂಡಿರುತ್ತದೆ. ಏಕಾಏಕಿ ನಿಂತರೆ ಮೊದಲ ದಿನವೇ ಕೈ ನಡುಕ, ಬೆವರು, ನಿದ್ದೆ ಇಲ್ಲದಿರುವುದು. ಒಂದೆರಡು ದಿನದೊಳಗೆ ಕೆಲವರಿಗೆ ಫಿಟ್ಸ್. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಇಲ್ಲದ್ದು ಕಾಣುವುದು, ಗುರುತು ತಪ್ಪುವುದು, ಜ್ವರ. ಚಿಕಿತ್ಸೆ ಸಿಗದಿದ್ದರೆ ಇದು ಜೀವಕ್ಕೇ ಕುತ್ತು. ಊರಲ್ಲಿ ಇದನ್ನು ಗಾಳಿ ಸೋಕಿದೆ ಎಂದು ತಿಳಿದು ತಾಯತ ಕಟ್ಟಿಸುವುದೂ ಉಂಟು. ಮೂರನೇ ದಿನ ಹೀಗಾದರೆ ಮನೆಯವರು ಮೊದಲು ಕೇಳಬೇಕಾದ್ದು: ಕೊನೆಯ ಸಲ ಕುಡಿದದ್ದು ಯಾವಾಗ?

ಕುಡಿತ ಬಿಡಬೇಕೆಂದು ತೀರ್ಮಾನಿಸಿದ ದಿನಗುಡುಕರನ್ನು ಜಾತ್ರೆಯಲ್ಲಿ ಆಣೆ ಮಾಡಿಸಿ ಬಿಡುವುದಕ್ಕಿಂತ ಮೊದಲು ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಆಣೆಯನ್ನು ಆಮೇಲೂ ಮಾಡಬಹುದು. ನಡುಕ, ಫಿಟ್ಸ್ ತಡೆಯಲು ಔಷಧಿ ಇದೆ, ಒಂದು ವಾರದ ಚಿಕಿತ್ಸೆಯಲ್ಲಿ ಈ ಅಪಾಯದ ಹಂತ ದಾಟುತ್ತದೆ. ದೊಡ್ಡ ಮಟ್ಟದ ಚಿಕಿತ್ಸೆ ಬೇಕಾದರೆ ಈ ಭಾಗಕ್ಕೆ ಹತ್ತಿರದ ಸರ್ಕಾರಿ ಸಂಸ್ಥೆ ಧಾರವಾಡದ ಡಿಮ್ಹಾನ್ಸ್. ಫೋನಿನಲ್ಲಿ ಕೇಳುವುದಾದರೆ ಮಾದಕ ವ್ಯಸನ ಬಿಡಿಸುವ ರಾಷ್ಟ್ರೀಯ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಟೆಲಿ-ಮನಸ್ 14416. ಎರಡೂ ಉಚಿತ. ಟೆಲಿ-ಮನಸ್‌ಗೆ ರಾತ್ರಿ ಎಷ್ಟು ಹೊತ್ತಿಗೆ ಮಾಡಿದರೂ ನಡೆಯುತ್ತದೆ, ಕನ್ನಡದಲ್ಲೇ ಮಾತಾಡಬಹುದು.