ಕಚೇರಿ ಖಾಲಿ, ಚಹಾ ಅಂಗಡೀಲಿ ಅಧಿವೇಶನ!

ಪಹಣಿ ತಿದ್ದಿಸಲು ಹಳ್ಳಿಯಿಂದ ಬಂದವನಿಗೆ ಸಿಕ್ಕಿದ್ದು ಖಾಲಿ ಕುರ್ಚಿಗಳ ದರ್ಶನ. 2023ರ ಮಾರ್ಚ್ 1ರಂದು ರಾಜ್ಯ ಸರ್ಕಾರಿ ನೌಕರರು ಮುಷ್ಕರ ಹೂಡಿದಾಗಿನ ಮಾತಿದು. ಮುಖ್ಯ ಬೇಡಿಕೆ ಎರಡು: ಶೇ. 40 ಸಂಬಳ ಏರಿಕೆ, ಹಳೇ ಪಿಂಚಣಿ.

ಕೆಲಸ ನಿಂತರೇನು, ಬಾಯಿ ನಿಲ್ಲುತ್ತದೆಯೇ? ಚಹಾ ಅಂಗಡಿಯಲ್ಲಿ ಚರ್ಚೆ ಸುರು. ತಪ್ಪೆಲ್ಲಾ ಬೊಮ್ಮಾಯಿ ಸರ್ಕಾರದ್ದು ಅಂತ ಒಬ್ಬ, ದಿಲ್ಲಿಯವರದ್ದು ಅಂತ ಇನ್ನೊಬ್ಬ.

ಅಸಲಿ ಲೆಕ್ಕ ಏನು? ಕೇಂದ್ರ ತನ್ನ ಹೊಸ ನೌಕರರಿಗೆ ಹೊಸ ಪಿಂಚಣಿ ತಂದದ್ದು 2004ರ ಜನವರಿ 1ರಿಂದ, ವಾಜಪೇಯಿ ಕಾಲದಲ್ಲಿ. ಅದಕ್ಕೆ ಸಂಸತ್ತಿನ ಕಾಯ್ದೆಯ ಬಲ ಬಂದದ್ದು 2013ರಲ್ಲಿ, ಮನಮೋಹನ್ ಸಿಂಗ್ ಕಾಲದಲ್ಲಿ. ಕರ್ನಾಟಕದಲ್ಲಿ ಜಾರಿಯಾದದ್ದು 2006ರ ಏಪ್ರಿಲ್ 1ರಿಂದ. ಅಂದಮೇಲೆ ಒಂದೇ ಪಕ್ಷ ಬೈದರೆ ಸಾಲದು!

ಸರ್ಕಾರ ಶೇ. 17 ಮಧ್ಯಂತರ ಪರಿಹಾರ ಕೊಟ್ಟಿತು, ಪಿಂಚಣಿಗೆ ಸಮಿತಿ ಅಂದಿತು. ಮುಷ್ಕರ ಅಂದೇ ಮುಗಿಯಿತು. 2024ರ ಆಗಸ್ಟ್ 1ರಿಂದ ಏಳನೇ ವೇತನ ಆಯೋಗದ ಸಂಬಳವೂ ಬಂತು.

ಆದರೆ ಕೂಲಿ ಬಿಟ್ಟು, ಬಸ್ ಚಾರ್ಜು ಕೊಟ್ಟು ಬಂದು ಬರಿಗೈಲಿ ಹೋದವನ ಆ ದಿನದ ಲೆಕ್ಕ? ಅದನ್ನು ಬೆಂಗಳೂರೂ ಕೇಳಲಿಲ್ಲ, ದಿಲ್ಲಿಯೂ ಕೇಳಲಿಲ್ಲ. ಚಹಾ ಅಂಗಡಿಯಲ್ಲೂ ಯಾರೂ ಎತ್ತಲಿಲ್ಲ!