ಅತಿಥಿ ಯಂತ್ರದ ಸ್ಮೃತಿ ಮತ್ತು ಸಾಧನಗಳ ಪ್ರವೇಶಮಿತಿ

ಒಂದೇ ಗಣಕದಲ್ಲಿ ಹಲವು ವರ್ಚುವಲ್ ಯಂತ್ರಗಳು ನಡೆಯುವಾಗ ಪ್ರತಿಯೊಂದನ್ನೂ ‘ಅತಿಥಿ’ ಎಂದೂ, ಅವುಗಳನ್ನು ನಡೆಸುವ ಮೂಲ ವ್ಯವಸ್ಥೆಯನ್ನು ‘ಆತಿಥೇಯ’ ಎಂದೂ ಕರೆಯುವುದು ರೂಢಿ. ಒಬ್ಬ ಅತಿಥಿಯ ಸ್ಮೃತಿಯನ್ನು ಇನ್ನೊಬ್ಬ ಮುಟ್ಟದಂತೆ ಸಂಸ್ಕಾರಕದ ಪುಟಕೋಷ್ಟಕಗಳು ಕಾಯುತ್ತವೆ. ಆದರೆ ನೆಟ್‌ವರ್ಕ್ ಕಾರ್ಡ್, ಡಿಸ್ಕ್ ನಿಯಂತ್ರಕ ಮೊದಲಾದ ಸಾಧನಗಳು ಸಂಸ್ಕಾರಕವನ್ನು ಕೇಳದೆಯೇ ಸ್ಮೃತಿಯನ್ನು ಓದಿ ಬರೆಯಬಲ್ಲವು. ನೇರ ಸ್ಮೃತಿಪ್ರವೇಶ ಅಥವಾ ಡಿಎಂಎ ಎಂಬ ಈ ಸೌಕರ್ಯವು ಗೋಡೆಯಲ್ಲಿ ಉಳಿದ ಕಿಂಡಿ.

ಭೌತಿಕ ಸಾಧನವನ್ನು ಅತಿಥಿಗೆ ನೇರವಾಗಿ ಒಪ್ಪಿಸಿದಾಗ, ಅತಿಥಿ ಸೂಚಿಸಿದ ವಿಳಾಸವು ಆತಿಥೇಯನದೇ ಆಗಿದ್ದರೂ ಸಾಧನ ಅಲ್ಲಿಗೆ ಬರೆದುಬಿಡುತ್ತದೆ. ಇದನ್ನು ತಡೆಯುವುದು ಐಒಎಂಎಂಯು ಎಂಬ ಯಂತ್ರಾಂಶ. ಇಂಟೆಲ್‌ನ ವಿಟಿ-ಡಿ ಇದರ ಒಂದು ರೂಪ. ಸಾಧನದ ಪ್ರತಿಯೊಂದು ವಿಳಾಸವನ್ನೂ ಇದು ಪ್ರತ್ಯೇಕ ಕೋಷ್ಟಕದಲ್ಲಿ ಪರಿಶೀಲಿಸುತ್ತದೆ. ಲಿನಕ್ಸ್‌ಗೆ 2012ರಲ್ಲಿ ಸೇರಿದ ವಿಎಫ್‌ಐಒ ಚೌಕಟ್ಟು ಇದರ ಮೇಲೆಯೇ ನಿಂತಿದೆ. ಆದರೆ ಈ ಕಾವಲು ಸಾಮಾನ್ಯವಾಗಿ 4 ಕೆಬಿ ಗಾತ್ರದ ಪುಟಗಳ ಲೆಕ್ಕದಲ್ಲಿ ನಡೆಯುತ್ತದೆ. ಪುಟದ ಒಂದು ಮೂಲೆಯನ್ನು ಸಾಧನಕ್ಕೆ ತೆರೆದರೆ ಅಲ್ಲಿರುವ ಇತರ ದತ್ತಾಂಶವೂ ತೆರೆದಂತೆ. 2019ರ ಥಂಡರ್‌ಕ್ಲಾಪ್ ಸಂಶೋಧನೆ ಈ ದೌರ್ಬಲ್ಯವನ್ನು ಪ್ರಯೋಗದಿಂದ ತೋರಿಸಿತು.

ಇದುವರೆಗಿನ ವಿಚಾರದಲ್ಲಿ ಆತಿಥೇಯನು ವಿಶ್ವಾಸಾರ್ಹ. ಎಎಂಡಿ 2016ರಲ್ಲಿ ಪ್ರಕಟಿಸಿದ ಎಸ್‌ಇವಿ ಈ ನಂಬಿಕೆಯನ್ನೇ ಪ್ರಶ್ನಿಸಿತು. ಬಾಡಿಗೆಯ ಗಣಕದಲ್ಲಿ ದುಡಿಯುವ ಅತಿಥಿಯು ಮನೆಯೊಡೆಯನಿಂದಲೂ ತನ್ನ ಸ್ಮೃತಿಯನ್ನು ಗೂಢಲಿಪಿಯಲ್ಲಿ ಮರೆಮಾಡಬೇಕು. ಐಒಎಂಎಂಯು ಆತಿಥೇಯನ ಕೈಯಲ್ಲೇ ಇರುವುದರಿಂದ ಅದನ್ನು ನೆಚ್ಚುವಂತಿಲ್ಲ. ಆದ್ದರಿಂದ ಅತಿಥಿಯು ಸ್ಮೃತಿಯ ಒಂದು ತುಂಡನ್ನು ಮಾತ್ರ ಗೂಢಲಿಪಿಯಿಲ್ಲದೆ ಹಂಚಿಕೊಂಡು, ಸಾಧನದೊಡನೆ ಎಲ್ಲ ವಿನಿಮಯವನ್ನೂ ಅಲ್ಲಿಯೇ ನಡೆಸುತ್ತಾನೆ. ಇದೇ ಬೌನ್ಸ್ ಬಫರ್. ಲಿನಕ್ಸ್‌ನಲ್ಲಿ ಇದರ ವಾಡಿಕೆಯ ಗಾತ್ರ 64 ಎಂಬಿ. ಎಸ್‌ಇವಿ ಅತಿಥಿಗಳಲ್ಲಿ 1 ಜಿಬಿ ಮೀರದಂತೆ ಒಟ್ಟು ಸ್ಮೃತಿಯ ಶೇ. 6ರವರೆಗೆ ಹಿಗ್ಗುತ್ತದೆ. ಐಒಎಂಎಂಯು ಇಲ್ಲದ ಸಣ್ಣ ಯಂತ್ರಗಳಿಗೂ ನೆರವಾಗುವಂತೆ, ನಿರ್ದಿಷ್ಟ ಸಾಧನಕ್ಕೆ ನಿರ್ದಿಷ್ಟ ಕೊಳವನ್ನು ಮೀಸಲಿಡುವ ಕ್ರಮ 2021ರಲ್ಲಿ ಲಿನಕ್ಸ್ 5.15ನೆಯ ಆವೃತ್ತಿಯೊಡನೆ ಬಂದಿತು.

ಇದಕ್ಕೆ ತೆರಬೇಕಾದ ಬೆಲೆ ನಕಲು: ಪ್ರತಿ ಪ್ಯಾಕೆಟ್ಟನ್ನೂ ಒಮ್ಮೆ ಹೆಚ್ಚಾಗಿ ಸಾಗಿಸಬೇಕು. ಇದನ್ನು ಕೇವಲ ನಷ್ಟವೆಂದು ಬಗೆಯುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಹಂಚಿದ ತಾಣದಲ್ಲಿಯೇ ದತ್ತಾಂಶವನ್ನು ಪರೀಕ್ಷಿಸಿ ಅಲ್ಲಿಯೇ ಬಳಸಿದರೆ, ಆ ಎರಡರ ನಡುವೆ ಆತಿಥೇಯನು ಅದನ್ನು ಬದಲಿಸಬಲ್ಲ. ಮೊದಲು ಒಳಗೆ ನಕಲಿಸಿ ಅನಂತರ ಪರೀಕ್ಷಿಸಿದರೆ ಆ ಅವಕಾಶ ತಪ್ಪುತ್ತದೆ. ಆದರೂ ಸಾಧನ ವರದಿ ಮಾಡುವ ಉದ್ದ, ಕ್ರಮಸಂಖ್ಯೆ ಮುಂತಾದವನ್ನು ಚಾಲಕ ತಂತ್ರಾಂಶವೇ ತಾಳೆ ನೋಡಬೇಕು. ಸಾಧನವೆಂದರೆ ನಂಬಿಕಸ್ಥವೆಂದು ಬಗೆದು ಬರೆಯಲಾದ ಹಳೆಯ ಚಾಲಕಗಳಲ್ಲಿ ಈ ತಾಳೆಯೇ ಎಷ್ಟೋ ಕಡೆ ಇರಲಿಲ್ಲ.