ಪರದೆಯ ಮೇಲೆ ನೆತ್ತರಿನ ಅಣು

ಕೃಷ್ಣೆಯ ದಂಡೆಯ ದೇವಸುಗೂರಿಗೆ ಸೂಗೂರೇಶ್ವರನ ದರ್ಶನಾರ್ಥವಾಗಿ ಬರುವ ಬಂಧುಗಳು ಪಕ್ಕದ ಶಕ್ತಿನಗರದ ವಿದ್ಯುತ್ ಕೇಂದ್ರದ ಚಿಮಣಿಗಳನ್ನು ಕಂಡೇ ಇರುತ್ತಾರೆ. ದೊಡ್ಡದು ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ನಮ್ಮ ನೆತ್ತರಿನಲ್ಲಿರುವ ಹಿಮೋಗ್ಲೋಬಿನ್ ಅಣು ಹಾಗಲ್ಲ. ಶಾಲೆಯ ಸೂಕ್ಷ್ಮದರ್ಶಕಕ್ಕೂ ಅದು ನಿಲುಕದು. ಅದನ್ನು ಪರದೆಯ ಮೇಲೆ ತಿರುಗಿಸಿ ನೋಡುವ ತಂತ್ರಾಂಶಗಳು ಇಂದು ಉಚಿತವಾಗಿ ದೊರೆಯುತ್ತವೆ.

ಅಣುವಿನ ಹರಳಿನ ಮೇಲೆ ಕ್ಷ-ಕಿರಣ ಹಾಯಿಸಿ ಒಂದೊಂದು ಪರಮಾಣುವಿನ ನೆಲೆಯನ್ನು ವಿಜ್ಞಾನಿಗಳು ಲೆಕ್ಕಹಾಕುತ್ತಾರೆ. ಈ ಲೆಕ್ಕಗಳ ಭಂಡಾರವಾದ ‘ಪ್ರೋಟೀನ್ ಡೇಟಾ ಬ್ಯಾಂಕ್’ 1971ರಲ್ಲಿ ಆರಂಭವಾಯಿತು. ರಾಸ್‌ಮೋಲ್, ಪೈಮೋಲ್ ಮುಂತಾದ ತಂತ್ರಾಂಶಗಳು ಆ ಅಂಕಿಗಳನ್ನೇ ಚಿತ್ರವಾಗಿಸುತ್ತವೆ. ಇನ್ನು ಕೆಲವು, ಪರಮಾಣುಗಳ ಸೆಳೆತ-ತಳ್ಳಾಟಗಳನ್ನು ಕ್ಷಣಕ್ಷಣಕ್ಕೂ ಗುಣಿಸಿ ಅಣುವಿನ ಚಲನೆಯನ್ನೇ ತೋರಿಸುತ್ತವೆ. ಪ್ರೋಟೀನೊಂದರ ಇಂಥ ಮೊದಲ ಅನುಕರಣೆ 1977ರಲ್ಲಿ ಪ್ರಕಟವಾಯಿತು. ಈ ಮಾರ್ಗವನ್ನು ಬೆಳೆಸಿದ ಕಾರ್‌ಪ್ಲಸ್, ಲೆವಿಟ್, ವಾರ್ಶೆಲ್ ಅವರಿಗೆ 2013ರ ನೊಬೆಲ್ ಸಂದಿತು.

ನಮ್ಮ ನಾಡಿನ ಪಾಲೂ ಸಣ್ಣದಲ್ಲ. ಪ್ರೋಟೀನಿನ ಸರಪಳಿ ಯಾವ ಕೋನಗಳಲ್ಲಿ ಮಣಿಯಬಲ್ಲದು, ಎಲ್ಲಿ ಮಣಿಯಲಾರದು ಎಂಬ ನಕ್ಷೆಯನ್ನು ಜಿ. ಎನ್. ರಾಮಚಂದ್ರನ್ ತಮ್ಮ ಸಂಗಡಿಗರೊಡನೆ 1963ರಲ್ಲಿ ಮದರಾಸಿನಿಂದ ಪ್ರಕಟಿಸಿದರು. ಮುಂದೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಣು ಜೀವಭೌತ ವಿಭಾಗವನ್ನು ಕಟ್ಟಿದರು. ಗಣಕಯಂತ್ರ ಬಿಡಿಸಿದ ಅಣುರೂಪ ಸರಿಯೇ ತಪ್ಪೇ ಎಂದು ಒರೆಹಚ್ಚಲು ಇಂದಿಗೂ ಜಗತ್ತಿನಾದ್ಯಂತ ಬಳಕೆಯಾಗುವುದು ಆ ‘ರಾಮಚಂದ್ರನ್ ನಕ್ಷೆ’. ನಮ್ಮ ಮಕ್ಕಳು ಅದನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡುವುದಷ್ಟೇ ಆಗಿರುವುದು ವಿಷಾದದ ಸಂಗತಿ.

ಗೃಹಸ್ಥರಿಗೆ ಇದರಿಂದೇನು ಎಂದು ಕೇಳಬಹುದು. ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯಲ್ಲಿ 146 ಕೊಂಡಿಗಳಿವೆ. ಅವುಗಳಲ್ಲಿ 6ನೆಯದೊಂದು ಬದಲಾದರೆ ಸಾಕು, ಆಮ್ಲಜನಕ ಬಿಟ್ಟುಕೊಟ್ಟ ಅಣುಗಳು ಒಂದಕ್ಕೊಂದು ಅಂಟಿ ಎಳೆಗಳಾಗುತ್ತವೆ, ರಕ್ತಕಣ ಕುಡುಗೋಲಿನಂತೆ ಬಾಗುತ್ತದೆ. ತಂದೆ-ತಾಯಿಯರಿಬ್ಬರೂ ಈ ದೋಷದ ವಾಹಕರಾಗಿದ್ದರೆ, ಅವರು ತಾವು ಆರೋಗ್ಯವಂತರಾಗಿಯೇ ಇದ್ದರೂ, ಹುಟ್ಟುವ ಪ್ರತಿ ಮಗುವಿಗೂ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ಥಲಸ್ಸೀಮಿಯಾಕ್ಕೂ ಇದೇ ಲೆಕ್ಕ. ಅಕ್ಕನ ಮಗಳನ್ನೋ ಸೋದರತ್ತೆಯ ಮಗನನ್ನೋ ತಂದುಕೊಳ್ಳುವ ನಮ್ಮ ಮನೆತನಗಳಲ್ಲಿ, ಇಬ್ಬರಲ್ಲೂ ಒಂದೇ ದೋಷವಿರುವ ಸಂಭವ ಹೆಚ್ಚು. ಸಂಬಂಧ ಕುದುರಿಸುವ ಹಿರಿಯರು ಹಿಮೋಗ್ಲೋಬಿನ್ ಬಗೆಯನ್ನು ತಿಳಿಸುವ ರಕ್ತಪರೀಕ್ಷೆಯನ್ನು ನಿಶ್ಚಿತಾರ್ಥಕ್ಕೆ ಮೊದಲೇ ಮಾಡಿಸಲಿ ಎಂಬುದು ನಮ್ಮ ಬಿನ್ನಹ. ಇದರಲ್ಲಿ ಮರ್ಯಾದೆಗೆ ಕುಂದೇನೂ ಇಲ್ಲ.

ಮನೆಯಲ್ಲಿ ವಿಜ್ಞಾನ ಓದುವ ಮಕ್ಕಳಿದ್ದರೆ ಆ ಭಂಡಾರದಲ್ಲಿ ‘4ಎಚ್‌ಎಚ್‌ಬಿ’ ಎಂಬ ಸಂಕೇತ ಹುಡುಕಿಸಿರಿ; ಆರೋಗ್ಯವಂತ ಹಿಮೋಗ್ಲೋಬಿನ್ ತೆರೆದುಕೊಳ್ಳುತ್ತದೆ. ಬಳಿಕ ‘2ಎಚ್‌ಬಿಎಸ್’ ತೆರೆಯಲಿ. ಅಲ್ಲಿ ಒಂದು ಅಣುವಿನ ಬದಲಾದ ಕೊಂಡಿ ನೆರೆಯ ಅಣುವಿನ ಕುಳಿಯೊಳಗೆ ಹೊಕ್ಕು ಕುಳಿತಿರುವುದನ್ನು ಅಜ್ಜಿಯೂ ಮೊಮ್ಮಗಳೂ ಕೂಡಿಯೇ ನೋಡಬಹುದು.